ಪೇಷಂಟ್ ಕಡೆಯವರು ಯಾರು? ಬೀದಿಯಲ್ಲಿರುವ ಮಾನಸಿಕ ಕಾಯಿಲೆಯವರಿಗೆ ಆಸ್ಪತ್ರೆ ಚಿಕಿತ್ಸೆ ಕೊಡಿಸುವ ಸಮಗ್ರ ಮಾರ್ಗದರ್ಶಿ

ಸರ್ಕಾರಿ ಆಸ್ಪತ್ರೆಯ ಕ್ಯಾಶುವಾಲಿಟಿ ಬಾಗಿಲಲ್ಲಿ ಮೊದಲು ಕೇಳುವ ಪ್ರಶ್ನೆ ಒಂದೇ. ‘ಪೇಷಂಟ್ ಕಡೆಯವರು ಯಾರು?’ ಚೀಟಿ ಮಾಡಿಸಲು ಕಡೆಯವರು ಬೇಕು. ರಕ್ತದ ಸ್ಯಾಂಪಲ್ ಲ್ಯಾಬಿಗೆ ಒಯ್ಯಲು, ಸ್ಟ್ರೆಚರ್ ತಳ್ಳಲು, ಸಹಿ ಹಾಕಲು, ರಾತ್ರಿ ಮಂಚದ ಪಕ್ಕ ಕೂರಲು, ಎಲ್ಲದಕ್ಕೂ ಕಡೆಯವರು ಬೇಕು. ವರ್ಷಗಟ್ಟಲೆ ಬಸ್ ಸ್ಟ್ಯಾಂಡಿನ ಕಂಬದ ಬುಡದಲ್ಲಿ, ಫ್ಲೈಓವರ್ ಕೆಳಗೆ, ದೇವಸ್ಥಾನದ ಹಿಂದಿನ ಜಗಲಿಯಲ್ಲಿ ಮಲಗಿ ಎದ್ದವರಿಗೆ ಈ ಪ್ರಶ್ನೆಗೆ ಉತ್ತರವೇ ಇರುವುದಿಲ್ಲ. ಎಷ್ಟೋ ಜನರ ಚಿಕಿತ್ಸೆ ಆ ಬಾಗಿಲಲ್ಲೇ ನಿಂತುಹೋಗುತ್ತದೆ.

ನಾನು ಮತ್ತು ನಾಲ್ಕೈದು ಗೆಳೆಯರು ಕೆಲವು ವರ್ಷಗಳಿಂದ ನಮ್ಮ ಊರಿನಲ್ಲಿ ಇಂಥವರ ಕಡೆಯವರಾಗಿ ನಿಲ್ಲುತ್ತಿದ್ದೇವೆ. ನಾವ್ಯಾರೂ ಡಾಕ್ಟರ್ ಅಲ್ಲ, ವಕೀಲರೂ ಅಲ್ಲ. ಮೊದಲ ಸಲ ಹೋದಾಗ ಏನೂ ಗೊತ್ತಿರಲಿಲ್ಲ. ಆಗ ಯಾರಾದರೂ ಕೂರಿಸಿಕೊಂಡು ಹೇಳಿದ್ದರೆ ಚೆನ್ನಾಗಿತ್ತು ಅನ್ನಿಸುವುದನ್ನೆಲ್ಲ ಇಲ್ಲಿ ಬರೆದಿದ್ದೇನೆ. ಕರ್ನಾಟಕದ ಲೆಕ್ಕದಲ್ಲಿ ಬರೆದಿದ್ದೇನೆ. ಕಾನೂನಿನ ಭಾಗ ದೇಶಕ್ಕೆಲ್ಲ ಒಂದೇ.

ಆ ಕಾನೂನಿನ ಹೆಸರು ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017. 2018ರಲ್ಲಿ ಜಾರಿಗೆ ಬಂತು. ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಹೆಜ್ಜೆ ಹೆಜ್ಜೆಗೂ ಬೇಕಾಗುತ್ತದೆ.

ಹಂತ 1: ಹತ್ತಿರ ಹೋಗಿ, ಅವಸರ ಬೇಡ

ಬೀದಿಯಲ್ಲಿರುವವರೆಲ್ಲ ಮಾನಸಿಕ ಕಾಯಿಲೆಯವರಲ್ಲ. ಕೊಳೆ ಬಟ್ಟೆ ಹಾಕಿದವರು, ಒಬ್ಬರೇ ಗೊಣಗುವವರು, ಕುಡಿದು ಬಿದ್ದವರು, ಎಲ್ಲರಿಗೂ ಜನ ‘ಹುಚ್ಚ’ ಅಂತ ಒಂದೇ ಹೆಸರು ಕೊಟ್ಟುಬಿಡುತ್ತಾರೆ. ಆ ಪದ ಮೊದಲು ಬಿಡಿ. ಒಂದೆರಡು ದಿನ ಸುಮ್ನೆ ನೋಡಿ. ಊಟ ಸಿಕ್ಕರೆ ತಿನ್ನುತ್ತಾರಾ? ರಾತ್ರಿ ನಿದ್ದೆ ಮಾಡುತ್ತಾರಾ? ಇಲ್ಲದವರ ಜೊತೆ ಮಾತಾಡುತ್ತಾರಾ, ಯಾರೋ ಬೈದ ಹಾಗೆ ಥಟ್ಟನೆ ಹೆದರುತ್ತಾರಾ? ಏಪ್ರಿಲ್ ಬಿಸಿಲಲ್ಲಿ ಮೂರು ಸ್ವೆಟರ್ ಹಾಕಿಕೊಂಡಿದ್ದಾರಾ? ರಸ್ತೆ ಮಧ್ಯೆ ಹೋಗಿ ನಿಲ್ಲುತ್ತಾರಾ? ಹತ್ತಿರದ ಟೀ ಅಂಗಡಿಯವರನ್ನು, ಹೂವು ಮಾರುವ ಅಮ್ಮನನ್ನು, ಪೌರಕಾರ್ಮಿಕರನ್ನು ಕೇಳಿ. ಎಷ್ಟು ದಿನದಿಂದ ಇದ್ದಾರೆ, ಯಾವ ಭಾಷೆ ಆಡುತ್ತಾರೆ, ಯಾರ ಕೈಯಿಂದ ತಗೊಂಡು ತಿನ್ನುತ್ತಾರೆ ಅನ್ನುವುದು ಅವರಿಗೇ ಚೆನ್ನಾಗಿ ಗೊತ್ತಿರುತ್ತದೆ.

ಮಾತಾಡಿಸುವಾಗ ಎದುರಿಗೆ ನಿಂತು ಕೆಳಗೆ ನೋಡಿ ಮಾತಾಡಬೇಡಿ. ಸ್ವಲ್ಪ ದೂರದಲ್ಲಿ, ಅವರಷ್ಟೇ ಎತ್ತರದಲ್ಲಿ ಕೂತುಕೊಳ್ಳಿ. ಅಣ್ಣ, ಅಕ್ಕ, ಅಜ್ಜಿ, ಯಜಮಾನ್ರೇ ಅಂತ ವಯಸ್ಸಿಗೆ ತಕ್ಕ ಹಾಗೆ ಕರೆಯಿರಿ. ನಿಮ್ಮ ಹೆಸರು ಹೇಳಿ, ಆಮೇಲೆ ಅವರ ಹೆಸರು ಕೇಳಿ. ಮೊದಲ ದಿನ ಉತ್ತರ ಬರದೇ ಇರಬಹುದು. ಒಂದು ಟೀ ಕೊಟ್ಟು ‘ನಾಳೆ ಬರ್ತೀನಿ’ ಅಂದು ಎದ್ದು ಬನ್ನಿ. ನಾಳೆ ಖಂಡಿತ ಹೋಗಿ. ಹೋಗದಿದ್ದರೆ ಮೊದಲ ದಿನದ ಕೆಲಸವೂ ಹಾಳು.

ಅವರ ಗಂಟನ್ನು ಮುಟ್ಟಬೇಡಿ. ನಮಗೆ ಅದು ಕಸದ ಮೂಟೆ ಅನ್ನಿಸಬಹುದು, ಆದರೆ ಅವರ ಹತ್ತಿರ ಉಳಿದಿರುವುದೇ ಅಷ್ಟು. ಒಮ್ಮೆ ಒಬ್ಬ ಅಮ್ಮನ ಗಂಟಿನೊಳಗೆ ನೆನೆದು ಮುದ್ದೆಯಾದ ಮಗುವಿನ ಲಸಿಕೆ ಕಾರ್ಡ್ ಸಿಕ್ಕಿತ್ತು. ಅದರ ಮೇಲಿದ್ದ ಆರೋಗ್ಯ ಕೇಂದ್ರದ ಮುದ್ರೆಯಿಂದಲೇ ಅವರ ಊರು ಪತ್ತೆಯಾಯಿತು. ಬಳಿದು ಎಸೆದಿದ್ದರೆ ಆ ದಾರಿಯೇ ಮುಚ್ಚಿಹೋಗುತ್ತಿತ್ತು.

ವಿಡಿಯೋ ಮಾಡಬೇಡಿ. ಸ್ನಾನ ಮಾಡಿಸುವ, ಕೂದಲು ಬೋಳಿಸುವ ವಿಡಿಯೋಗಳು ಜಾಸ್ತಿ ಓಡಾಡುತ್ತಿವೆ, ನೋಡಿದವರು ಮೆಚ್ಚುತ್ತಾರೆ. ಆದರೆ ಒಪ್ಪಿಗೆ ಕೊಡುವ ಸ್ಥಿತಿಯಲ್ಲೇ ಇಲ್ಲದವರ ಮೈ ತೊಳೆದು ಊರಿಗೆಲ್ಲ ತೋರಿಸಿದ ಹಾಗೆ ಅದು. ಗುಣವಾದ ಮೇಲೆ ಅದನ್ನು ಅವರೂ ನೋಡುತ್ತಾರೆ, ಅವರ ಮಕ್ಕಳೂ ನೋಡುತ್ತಾರೆ.

ಎರಡು ದಿನ ಕಾಯಬಾರದ ಸಂದರ್ಭಗಳೂ ಇವೆ. ಜ್ವರದಿಂದ ಕಾಯುತ್ತಿದ್ದರೆ, ಗಾಯದಲ್ಲಿ ಹುಳು ಬಿದ್ದಿದ್ದರೆ, ತಲೆಗೆ ಪೆಟ್ಟಾಗಿದ್ದರೆ, ಫಿಟ್ಸ್ ಬಂದರೆ, ನೀರೂ ಕುಡಿಯದೆ ಬಿದ್ದಿದ್ದರೆ, ಹೆಣ್ಣುಮಗಳು ಬಸುರಿಯಾಗಿದ್ದರೆ ಅಥವಾ ಅವರ ಮೇಲೆ ದೌರ್ಜನ್ಯ ಆಗಿದೆ ಅನ್ನಿಸಿದರೆ, ತನಗೋ ಬೇರೆಯವರಿಗೋ ಪ್ರಾಣಾಪಾಯ ಮಾಡುವಂತಿದ್ದರೆ, ತಕ್ಷಣ 108ಕ್ಕೆ ಫೋನ್ ಮಾಡಿ, ಜೊತೆಗೆ 112. ಕಾಗದಪತ್ರ ಆಮೇಲೆ. ಪ್ರಾಣಾಪಾಯ ಇದ್ದಾಗ ಯಾವುದೇ ನೋಂದಾಯಿತ ವೈದ್ಯರು ತುರ್ತು ಚಿಕಿತ್ಸೆ ಶುರು ಮಾಡಬಹುದು, 72 ಗಂಟೆಯವರೆಗೆ ಕೊಡಬಹುದು ಎಂದು ಕಾಯ್ದೆಯ ಸೆಕ್ಷನ್ 94 ಹೇಳುತ್ತದೆ.

ಹಂತ 2: ಪೊಲೀಸ್ ಠಾಣೆ

ಇಲ್ಲಿ ಬಹಳ ಜನ ಹಿಂದೆ ಸರಿಯುತ್ತಾರೆ. ಸರಿಯಬೇಡಿ. ಠಾಣೆಯನ್ನು ಬಿಟ್ಟು ನೇರವಾಗಿ ಆಟೋದಲ್ಲಿ ಕೂರಿಸಿಕೊಂಡು ಹೋದರೆ ಮುಂದೆ ಅಡ್ಮಿಷನ್‌ಗೂ ತೊಂದರೆ, ಮನೆಯವರನ್ನು ಹುಡುಕಲೂ ತೊಂದರೆ. ನಿಮ್ಮ ಮೇಲೆಯೇ ಯಾರಾದರೂ ದೂರು ಕೊಡಬಹುದು.

ಸೆಕ್ಷನ್ 100 ಏನು ಹೇಳುತ್ತದೆ ಅಂದರೆ, ಠಾಣೆಯ ವ್ಯಾಪ್ತಿಯಲ್ಲಿ ಅಲೆದಾಡುತ್ತಿರುವ, ಮಾನಸಿಕ ಕಾಯಿಲೆ ಇದ್ದು ತನ್ನನ್ನು ತಾನು ನೋಡಿಕೊಳ್ಳಲಾಗದ ಸ್ಥಿತಿಯಲ್ಲಿದ್ದಾರೆ ಎಂದು ಕಂಡವರನ್ನು ರಕ್ಷಣೆಗೆ ತೆಗೆದುಕೊಳ್ಳುವುದು ಠಾಣಾಧಿಕಾರಿಯ ಕರ್ತವ್ಯ. ಕರ್ತವ್ಯ ಅನ್ನುವ ಪದವೇ ಅಲ್ಲಿದೆ, ಉಪಕಾರ ಅಂತ ಅಲ್ಲ. ರಕ್ಷಣೆಗೆ ತೆಗೆದುಕೊಂಡವರನ್ನು ಆದಷ್ಟು ಬೇಗ, ಹೆಚ್ಚೆಂದರೆ 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಲಾಕಪ್ಪಿನಲ್ಲಾಗಲಿ ಜೈಲಿನಲ್ಲಾಗಲಿ ಯಾವ ಕಾರಣಕ್ಕೂ ಇಡುವಂತಿಲ್ಲ. ಮನೆಯಿಲ್ಲದವರಾದರೆ ಕಾಣೆಯಾದವರ ಎಫ್‌ಐಆರ್ ದಾಖಲಿಸಿ, ಮನೆಯವರನ್ನು ಹುಡುಕಿ ತಿಳಿಸುವುದೂ ಠಾಣೆಯದೇ ಹೊಣೆ.

ಬಾಯಿಮಾತಿನಲ್ಲಿ ಹೇಳಬೇಡಿ, ಬರೆದು ಕೊಡಿ. ನಾವು ಹೀಗೆ ಬರೆಯುತ್ತೇವೆ:

‘ಮಾನ್ಯ ಠಾಣಾಧಿಕಾರಿಗಳಿಗೆ, ಈ ದಿನಾಂಕದಿಂದ ಇಂಥ ಸ್ಥಳದಲ್ಲಿ ಸುಮಾರು ಇಷ್ಟು ವಯಸ್ಸಿನ ಗಂಡಸು / ಹೆಂಗಸು ಒಬ್ಬರು ಮನೆಯಿಲ್ಲದೆ ಇದ್ದಾರೆ. ಊಟ ಮಾಡುತ್ತಿಲ್ಲ, ಒಬ್ಬರೇ ಮಾತಾಡಿಕೊಳ್ಳುತ್ತಾರೆ, ವಾಹನಗಳ ನಡುವೆ ಹೋಗುತ್ತಾರೆ, ಕಾಲಿಗೆ ಗಾಯವಾಗಿದೆ. ತಮ್ಮನ್ನು ತಾವು ನೋಡಿಕೊಳ್ಳುವ ಸ್ಥಿತಿಯಲ್ಲಿ ಇಲ್ಲ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರ ಸೆಕ್ಷನ್ 100ರಂತೆ ಇವರನ್ನು ರಕ್ಷಣೆಗೆ ಪಡೆದು, ಸರ್ಕಾರಿ ಆಸ್ಪತ್ರೆಯಲ್ಲಿ ತಪಾಸಣೆ ಮಾಡಿಸಿ, ಕಾಣೆಯಾದವರ ಎಫ್‌ಐಆರ್ ದಾಖಲಿಸಬೇಕಾಗಿ ಕೋರುತ್ತೇನೆ. ಆಸ್ಪತ್ರೆಗೆ ನಾನೂ ಜೊತೆಗೆ ಬರುತ್ತೇನೆ.’

ಕೆಳಗೆ ಹೆಸರು, ಫೋನ್ ನಂಬರ್, ಸಹಿ. ಎರಡು ಪ್ರತಿ ಮಾಡಿ, ಒಂದರ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಅರ್ಜಿಯಲ್ಲಿ ಕಾಯಿಲೆಯ ಹೆಸರು ನೀವೇ ಬರೆಯಬೇಡಿ, ಕಣ್ಣಿಗೆ ಕಂಡದ್ದನ್ನು ಮಾತ್ರ ಬರೆಯಿರಿ. ಆ ಕೊನೆಯ ಸಾಲು, ‘ನಾನೂ ಜೊತೆಗೆ ಬರುತ್ತೇನೆ’ ಅನ್ನುವುದು, ಬೇರೆಲ್ಲ ಸಾಲಿಗಿಂತ ಜಾಸ್ತಿ ಕೆಲಸ ಮಾಡುತ್ತದೆ. ಠಾಣೆಯಲ್ಲಿ ಇರುವುದೇ ಕಡಿಮೆ ಸಿಬ್ಬಂದಿ. ಒಬ್ಬ ಕಾನ್‌ಸ್ಟೇಬಲ್ ಇಡೀ ದಿನ ಆಸ್ಪತ್ರೆಯಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರಲ್ಲ ಅನ್ನುವುದೇ ಅವರ ನಿಜವಾದ ಚಿಂತೆ.

ಒಂದು ಠಾಣೆಯಲ್ಲಿ ನಮಗೆ ‘ಯಾರಿಗೂ ತೊಂದ್ರೆ ಕೊಡ್ತಿಲ್ವಲ್ಲ, ಬಿಡಿ’ ಅಂದರು. ಇನ್ನೊಂದು ಕಡೆ ‘ಕೋರ್ಟ್ ಆರ್ಡರ್ ತನ್ನಿ’ ಅಂದರು. ಮೊದಲನೆಯದಕ್ಕೆ ಉತ್ತರ: ತೊಂದರೆ ಕೊಡಬೇಕಾಗಿಲ್ಲ, ತಮ್ಮನ್ನು ತಾವು ನೋಡಿಕೊಳ್ಳಲಾಗದೆ ಇದ್ದರೆ ಸಾಕು. ಎರಡನೆಯದು 1987ರ ಹಳೆಯ ಕಾಯ್ದೆಯ ರೂಢಿ. ಆಗ ಮ್ಯಾಜಿಸ್ಟ್ರೇಟರ ಆದೇಶದ ಮೇಲೆ ಸೇರಿಸುತ್ತಿದ್ದರು. ಈಗ ಪೊಲೀಸರು ತಪಾಸಣೆಗೆ ನೇರವಾಗಿ ಕರೆದುಕೊಂಡು ಹೋಗಬಹುದು. ಆದರೂ ಮ್ಯಾಜಿಸ್ಟ್ರೇಟರ ದಾರಿ ಮುಚ್ಚಿಲ್ಲ. ಸೆಕ್ಷನ್ 102ರಲ್ಲಿ ಅವರು ಆಸ್ಪತ್ರೆಗೆ ಕಳಿಸಲು, 10 ದಿನ ಮೀರದಂತೆ ಇಟ್ಟುಕೊಂಡು ತಪಾಸಣೆ ಮಾಡಲು ಆದೇಶ ಕೊಡಬಹುದು. ಠಾಣೆಯಲ್ಲಿ ಕೆಲಸ ಆಗದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ನ್ಯಾಯಾಲಯದ ಆವರಣದಲ್ಲೇ ಇರುತ್ತದೆ. ಸಹಾಯವಾಣಿ 15100. ದುಡ್ಡು ಕೊಡಬೇಕಾಗಿಲ್ಲ. ನಮಗೆ ಅಲ್ಲಿಂದ ಹೋದ ಒಂದು ಫೋನ್ ಕರೆಯಿಂದಲೇ ಎರಡು ಸಲ ಕೆಲಸ ಆಗಿದೆ.

ಹೆಣ್ಣುಮಕ್ಕಳಾದರೆ ಮಹಿಳಾ ಪೊಲೀಸರು ಜೊತೆಗೆ ಬರಲೇಬೇಕು ಅಂತ ಕೇಳಿ. ನಿಮ್ಮ ಕಡೆಯಿಂದಲೂ ಒಬ್ಬ ಹೆಂಗಸು ಇರಲಿ.

ಹಂತ 3: ಕರೆದುಕೊಂಡು ಹೋಗುವುದು

ಸುಳ್ಳು ಹೇಳಿ ಹತ್ತಿಸಬೇಡಿ. ‘ಮನೆಗೆ ಹೋಗೋಣ ಬಾ’ ಅಂದು ಆಸ್ಪತ್ರೆಯಲ್ಲಿ ಇಳಿಸಿದರೆ, ಆಮೇಲೆ ನಿಜವಾಗಿ ಮನೆಗೆ ಕರೆದಾಗಲೂ ನಂಬುವುದಿಲ್ಲ. ‘ಕಾಲಿನ ಗಾಯಕ್ಕೆ ಡಾಕ್ಟರ್ ಹತ್ತಿರ ಹೋಗೋಣ, ಊಟ ಕೊಡ್ತಾರೆ, ನಾನು ಜೊತೆಗಿರ್ತೀನಿ’ ಅನ್ನಿ, ಅದರಲ್ಲಿ ಸುಳ್ಳೇನಿಲ್ಲ. ಗಂಟು ಜೊತೆಗೇ ಬರಲಿ. ಹಗ್ಗ ಬೇಡ. ಸುತ್ತ ಗುಂಪು ಸೇರಲು ಬಿಡಬೇಡಿ, ಹತ್ತು ಜನ ಕೂಗಾಡಿದರೆ ಯಾರಿಗಾದರೂ ಗಾಬರಿ ಆಗುತ್ತದೆ. ಬೆಳಗ್ಗೆ ಬೇಗ ಹೋಗುವುದು ಒಳ್ಳೆಯದು. ಗಲಾಟೆ ಕಡಿಮೆ ಇರುತ್ತದೆ, ಓಪಿಡಿಯೂ ಸಿಗುತ್ತದೆ.

ಎಲ್ಲಿಗೆ? ಜಿಲ್ಲಾ ಆಸ್ಪತ್ರೆ ಅಥವಾ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ. ಬೆಂಗಳೂರಿನಲ್ಲಾದರೆ ಹೊಸೂರು ರಸ್ತೆಯ ನಿಮ್ಹಾನ್ಸ್, ಅಲ್ಲಿ ತುರ್ತು ವಿಭಾಗ ದಿನದ 24 ಗಂಟೆಯೂ ಇರುತ್ತದೆ. ಉತ್ತರ ಕರ್ನಾಟಕದವರಿಗೆ ಧಾರವಾಡದ ಸರ್ಕಾರಿ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್. ದೂರದ ದೊಡ್ಡ ಆಸ್ಪತ್ರೆಗೆ ಒಯ್ಯುವ ಮೊದಲು ಹತ್ತಿರದ ಜಿಲ್ಲಾ ಆಸ್ಪತ್ರೆಯಲ್ಲಿ ಮೈ ತಪಾಸಣೆ ಮಾಡಿಸಿ. ದಾರಿಯಲ್ಲೇ ಅನಾಹುತ ಆಗುವುದು ತಪ್ಪುತ್ತದೆ.

ಹಂತ 4: ಕ್ಯಾಶುವಾಲಿಟಿಯಲ್ಲಿ ಮೊದಲು ಮೈ, ಆಮೇಲೆ ಮನಸ್ಸು

ಇಡೀ ಕೆಲಸದಲ್ಲಿ ಅತಿ ಜಾಸ್ತಿ ತಪ್ಪಾಗುವ ಜಾಗ ಇದು. ‘ಮೆಂಟಲ್ ಕೇಸ್’ ಅಂತ ಚೀಟಿ ಮೇಲೆ ಬಿದ್ದ ಕೂಡಲೇ ನೇರ ಮನೋವೈದ್ಯ ವಿಭಾಗಕ್ಕೆ ಕಳಿಸುತ್ತಾರೆ, ಅಲ್ಲಿಯವರು ‘ಮೊದಲು ಮೆಡಿಸಿನ್‌ನವರು ನೋಡಲಿ’ ಅಂತ ವಾಪಸ್ ಕಳಿಸುತ್ತಾರೆ. ನಡುವೆ ಮಧ್ಯಾಹ್ನ ಕಳೆದುಹೋಗುತ್ತದೆ. ಸಿಟ್ಟು ಮಾಡಿಕೊಳ್ಳಬೇಡಿ, ಎರಡನೆಯವರು ಹೇಳುವುದರಲ್ಲಿ ಅರ್ಥವಿದೆ.

ಯಾಕೆ ಅಂದರೆ ಗೊಂದಲ, ಗೊಣಗು, ಇಲ್ಲದ್ದು ಕಾಣುವುದು, ಇವೆಲ್ಲ ಮೈಯ ಕಾಯಿಲೆಯಿಂದಲೂ ಬರುತ್ತವೆ. ತಲೆಯೊಳಗೆ ರಕ್ತ ಹೆಪ್ಪುಗಟ್ಟಿರಬಹುದು. ಸಕ್ಕರೆ ತೀರಾ ಇಳಿದಿರಬಹುದು ಅಥವಾ ಏರಿರಬಹುದು. ಮೆದುಳಿನ ಸೋಂಕು, ಫಿಟ್ಸ್, ಥೈರಾಯ್ಡ್, ಬಿ12 ಕೊರತೆ, ಇವೂ ಕಾರಣ ಇರಬಹುದು. ದಿನಾ ಕುಡಿಯುತ್ತಿದ್ದವರಿಗೆ ಎರಡು ಮೂರು ದಿನ ಮದ್ಯ ಸಿಗದಿದ್ದರೆ ಕೈ ನಡುಗಿ, ಬೆವರಿ, ಹುಳ ಹರಿದಾಡಿದ ಹಾಗೆ ಕಾಣುತ್ತದೆ, ಇದು ಪ್ರಾಣಕ್ಕೇ ಅಪಾಯ. ಒಂದು ಗುರುತು ಹೇಳುತ್ತೇನೆ. ಬೆಳಗ್ಗೆ ಸರಿಯಾಗಿದ್ದು ಸಂಜೆ ಮಂಕಾಗುವುದು, ಎಚ್ಚರ ತಪ್ಪಿ ಮತ್ತೆ ಬರುವುದು, ಹಗಲೋ ರಾತ್ರಿಯೋ ಗೊತ್ತಾಗದಿರುವುದು, ಜ್ವರ, ಇವು ಇದ್ದರೆ ಮೈಯಲ್ಲೇ ಏನೋ ಇದೆ ಅಂತ ಅನುಮಾನಪಡಬೇಕು. ನೀವು ಬೀದಿಯಲ್ಲಿ ಎರಡು ದಿನ ನೋಡಿದ್ದು ಇಲ್ಲಿ ಉಪಯೋಗಕ್ಕೆ ಬರುತ್ತದೆ. ‘ನಿನ್ನೆಯವರೆಗೆ ನಡೆದಾಡ್ತಿದ್ರು ಸರ್, ಇವತ್ತು ಬೆಳಗ್ಗೆಯಿಂದ ಎದ್ದಿಲ್ಲ’ ಅನ್ನುವ ಒಂದು ಮಾತು ಡಾಕ್ಟರಿಗೆ ಎಷ್ಟೋ ದಾರಿ ತೋರಿಸುತ್ತದೆ. ಆ ಮಾತು ಹೇಳಲು ಬೇರೆ ಯಾರೂ ಇರುವುದಿಲ್ಲ.

ಡ್ಯೂಟಿ ಡಾಕ್ಟರ್ ಹತ್ತಿರ ವಿನಯದಿಂದಲೇ ಕೇಳಬಹುದಾದವು: ಸಕ್ಕರೆ, ಹಿಮೋಗ್ಲೋಬಿನ್, ಕಿಡ್ನಿ, ಲಿವರ್, ಎದೆಯ ಎಕ್ಸ್‌ರೇ. ಕೆಮ್ಮು ಇದ್ದರೆ ಕ್ಷಯದ ತಪಾಸಣೆ. ತಲೆಯಲ್ಲಿ ಗಾಯದ ಗುರುತಿದ್ದರೆ ಸ್ಕ್ಯಾನ್. ಹೆಣ್ಣುಮಕ್ಕಳಿಗೆ ಗರ್ಭದ ಪರೀಕ್ಷೆ. ಬಹಳ ದಿನ ಉಪವಾಸ ಇದ್ದವರು, ಕುಡಿಯುತ್ತಿದ್ದವರು ಆದರೆ ಗ್ಲೂಕೋಸ್ ಹಾಕುವಾಗ ಥಯಮಿನ್ (ಬಿ1 ವಿಟಮಿನ್) ಬೇಕಾಗುತ್ತದೆ, ‘ಇವರು ವಾರದಿಂದ ತಿಂದಿಲ್ಲ’ ಅಂತ ಹೇಳಿಬಿಡಿ, ಉಳಿದದ್ದು ಅವರಿಗೆ ಗೊತ್ತು. ಇನ್ನೊಂದು ಮಾತು ನಮಗೇ ಗೊತ್ತಿರಲಿಲ್ಲ. ತೀರಾ ಹಸಿದು ಸೊರಗಿದವರಿಗೆ ಪ್ರೀತಿಯಿಂದ ಒಮ್ಮೆಲೇ ಹೊಟ್ಟೆ ತುಂಬ ಅನ್ನ, ಸಿಹಿ ಕೊಡಬಾರದು. ರಕ್ತದ ಲವಣಾಂಶಗಳು ಏಕಾಏಕಿ ಏರುಪೇರಾಗಿ ಹೃದಯಕ್ಕೇ ತೊಂದರೆ ಆಗುತ್ತದೆ. ಗಂಜಿಯಿಂದ, ಸ್ವಲ್ಪ ಸ್ವಲ್ಪವಾಗಿ ಶುರು ಮಾಡಬೇಕು.

ರಿಜಿಸ್ಟರಿನಲ್ಲಿ ಹೆಸರಿನ ಜಾಗದಲ್ಲಿ ‘ಅನ್‌ನೋನ್’ ಅಂತ ಬರೆಯುತ್ತಾರೆ. ಅವರು ಯಾವುದಾದರೂ ಹೆಸರು ಹೇಳಿದ್ದರೆ ಅದನ್ನೇ ಬರೆಸಿ. ತಪ್ಪು ಹೆಸರಾದರೂ ಪರವಾಗಿಲ್ಲ, ಆಮೇಲೆ ತಿದ್ದಬಹುದು. ನರ್ಸ್ ಬಂದು ಹೆಸರು ಹಿಡಿದು ಕರೆದಾಗ ತಿರುಗಿ ನೋಡುವುದಿದೆಯಲ್ಲ, ಅದು ಚಿಕಿತ್ಸೆಯ ಶುರುವೇ. ಎಂಎಲ್‌ಸಿ, ಅಂದರೆ ಪೊಲೀಸರಿಗೂ ತಿಳಿಸುವ ಮೆಡಿಕೋ ಲೀಗಲ್ ಕೇಸ್ ಅಂತ ದಾಖಲೆ ಮಾಡಿದರೆ ಅದರ ನಂಬರ್ ಬರೆದುಕೊಳ್ಳಿ. ಗಂಟಿನಲ್ಲಿರುವುದನ್ನೆಲ್ಲ ನರ್ಸ್ ಎದುರಿಗೆ ಪಟ್ಟಿ ಮಾಡಿ, ಒಂದು ಚೀಲದಲ್ಲಿ ಕಟ್ಟಿಸಿ ಇಡಿ.

ಕೂದಲು ಜಡೆಗಟ್ಟಿ ಹೇನು ತುಂಬಿದ್ದರೆ ತೆಗೆಯಲೇಬೇಕಾಗುತ್ತದೆ. ಆದರೂ ಹೇಳಿ, ಕೇಳಿ, ಅವರು ಸ್ವಲ್ಪ ಸಮಾಧಾನವಾದ ಮೇಲೆ ಮಾಡಿಸಿ. ಹೆಂಗಸರಿಗಂತೂ ಬಲವಂತವಾಗಿ ತಲೆ ಬೋಳಿಸಿದ ನೋವು ಬಹಳ ದಿನ ಉಳಿಯುತ್ತದೆ.

ದುಡ್ಡಿನ ಮಾತು. ಬಿಪಿಎಲ್ ಕಾರ್ಡ್ ಕೇಳುತ್ತಾರೆ, ಆಧಾರ್ ಕೇಳುತ್ತಾರೆ. ಸೆಕ್ಷನ್ 18ರ ಪ್ರಕಾರ ನಿರ್ಗತಿಕರಿಗೆ, ಮನೆಯಿಲ್ಲದವರಿಗೆ ಕಾರ್ಡ್ ಇರಲಿ ಇಲ್ಲದಿರಲಿ, ಸರ್ಕಾರ ನಡೆಸುವ ಅಥವಾ ಸರ್ಕಾರದ ಹಣದಲ್ಲಿ ನಡೆಯುವ ಮಾನಸಿಕ ಆರೋಗ್ಯ ಕೇಂದ್ರಗಳಲ್ಲಿ ಚಿಕಿತ್ಸೆ ಪೂರ್ತಿ ಉಚಿತ. ಕೌಂಟರಿನಲ್ಲಿ ವಾದ ಮಾಡುವುದಕ್ಕಿಂತ ವೈದ್ಯಕೀಯ ಅಧೀಕ್ಷಕರ ಹತ್ತಿರ ಹೋಗಿ ಒಂದು ಷರಾ ಬರೆಸಿಕೊಂಡು ಬನ್ನಿ.

ಹಂತ 5: ಅಡ್ಮಿಷನ್, ಮತ್ತು ಸಹಿ ಯಾರದು?

ಈಗ ಮತ್ತೆ ಅದೇ ಪ್ರಶ್ನೆ, ಕಡೆಯವರು ಯಾರು. ನಿಮ್ಹಾನ್ಸ್‌ನಂಥ ಕಡೆಯೂ ಕುಟುಂಬದವರು ರೋಗಿಯ ಜೊತೆಗೇ ಉಳಿಯುವ ವಾರ್ಡ್‌ಗಳಿವೆ, ಅದು ಒಳ್ಳೆಯ ಪದ್ಧತಿ. ಯಾರೂ ಇಲ್ಲದವರಿಗೆ ಮಾತ್ರ ಅಲ್ಲಿ ದಾರಿ ಕಷ್ಟ.

ಮೊದಲು ಅವರನ್ನೇ ಕೇಳಬೇಕು. ಅರ್ಥ ಮಾಡಿಕೊಂಡು ‘ಇರ್ತೀನಿ’ ಅಂದರೆ ತಾವಾಗಿಯೇ ಸೇರಿದ ಹಾಗೆ, ಬೇರೆ ಯಾರ ಸಹಿಯೂ ಬೇಡ. ಆ ಸ್ಥಿತಿಯಲ್ಲಿ ಇಲ್ಲದಿದ್ದರೆ ಸೆಕ್ಷನ್ 89, ಅಂದರೆ ಬೆಂಬಲಿತ ದಾಖಲಾತಿ. ಇದಕ್ಕೆ ‘ನಾಮನಿರ್ದೇಶಿತ ಪ್ರತಿನಿಧಿ’, ಅಂದರೆ ಕಾಯ್ದೆಯ ಪ್ರಕಾರ ರೋಗಿಯ ಪರವಾಗಿ ನಿಲ್ಲುವವರು, ಅರ್ಜಿ ಹಾಕಬೇಕು. ಒಬ್ಬ ಮನೋವೈದ್ಯರು ಮತ್ತು ಇನ್ನೊಬ್ಬ ಮಾನಸಿಕ ಆರೋಗ್ಯ ತಜ್ಞರು ಅಥವಾ ವೈದ್ಯರು ಬೇರೆ ಬೇರೆಯಾಗಿ ನೋಡಿ ಒಪ್ಪಬೇಕು. ಹಿಂಸೆ ಮಾಡಿರಲೇಬೇಕು ಅಂತಿಲ್ಲ. ತನ್ನನ್ನು ನೋಡಿಕೊಳ್ಳಲಾಗದೆ ಅಪಾಯದಲ್ಲಿರುವುದೂ ಸಾಕಾದ ಕಾರಣ.

ಪ್ರತಿನಿಧಿ ಯಾರಾಗಬಹುದು? ಅವರೇ ಹಿಂದೆ ಬರೆದು ಹೆಸರಿಸಿದವರು, ಇಲ್ಲದಿದ್ದರೆ ಸಂಬಂಧಿ, ನೋಡಿಕೊಳ್ಳುತ್ತಿದ್ದವರು, ಅವರೂ ಇಲ್ಲದಿದ್ದರೆ ಇಂಥ ದಾಖಲಾತಿಗಳನ್ನು ಪರಿಶೀಲಿಸಲು ಕಾಯ್ದೆಯಲ್ಲೇ ಇರುವ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿ ನೇಮಿಸಿದವರು. ಸೂಕ್ತರಾದವರು ಯಾರೂ ಸಿಗದಿದ್ದರೆ ಮಂಡಳಿಯು ಸಮಾಜ ಕಲ್ಯಾಣ ಇಲಾಖೆಯ ನಿರ್ದೇಶಕರನ್ನೋ ಅವರು ಸೂಚಿಸಿದವರನ್ನೋ ನೇಮಿಸುತ್ತದೆ. ಮಂಡಳಿಯಿಂದ ಆದೇಶ ಬರುವವರೆಗೆ ಏನು ಮಾಡುವುದು ಅಂತ ನಾವು ತಲೆ ಕೆಡಿಸಿಕೊಂಡಿದ್ದೆವು. ಅದಕ್ಕೂ ಸೆಕ್ಷನ್ 14ರಲ್ಲೇ ದಾರಿ ಇದೆ. ಮಾನಸಿಕ ಕಾಯಿಲೆಯವರಿಗಾಗಿ ಕೆಲಸ ಮಾಡುವ ನೋಂದಾಯಿತ ಸಂಘದ ಒಬ್ಬ ಪ್ರತಿನಿಧಿ ಲಿಖಿತ ಅರ್ಜಿ ಕೊಟ್ಟು ತಾತ್ಕಾಲಿಕವಾಗಿ ಆ ಜಾಗದಲ್ಲಿ ನಿಲ್ಲಬಹುದು. ಹಾಗಾಗಿ ಒಂಟಿಯಾಗಿ ಹೋಗುವುದಕ್ಕಿಂತ ಊರಿನ ಒಂದು ನೋಂದಾಯಿತ ಸಂಸ್ಥೆಯ ಜೊತೆ ಸೇರಿ ಕೆಲಸ ಮಾಡಿ. ಅವರ ಲೆಟರ್‌ಹೆಡ್ ಒಂದು ಜೊತೆಗಿದ್ದರೆ ಅರ್ಧ ದಿನ ಉಳಿಯುತ್ತದೆ.

ಬೆಂಬಲಿತ ದಾಖಲಾತಿ 30 ದಿನದವರೆಗೆ. ಹೆಂಗಸರು ಮತ್ತು ಅಪ್ರಾಪ್ತರಾದರೆ 3 ದಿನದೊಳಗೆ, ಗಂಡಸರಾದರೆ 7 ದಿನದೊಳಗೆ ಆಸ್ಪತ್ರೆಯವರು ಮಂಡಳಿಗೆ ತಿಳಿಸಬೇಕು. ರೋಗಿಗೆ ಈಗ ತಾವೇ ತೀರ್ಮಾನ ಮಾಡುವ ಶಕ್ತಿ ಬಂದಿದೆಯಾ ಅಂತ ಪ್ರತಿ 7 ದಿನಕ್ಕೆ ನೋಡಬೇಕು. 30 ದಿನ ಸಾಲದಿದ್ದರೆ ಸೆಕ್ಷನ್ 90ರಲ್ಲಿ ಇಬ್ಬರು ಮನೋವೈದ್ಯರ ತಪಾಸಣೆ ಮತ್ತು ಮಂಡಳಿಯ ಒಪ್ಪಿಗೆಯಿಂದ ಮುಂದುವರಿಸಬಹುದು. ಈ ತಾರೀಕುಗಳನ್ನು ನಿಮ್ಮ ಮೊಬೈಲಿನಲ್ಲಿ ಹಾಕಿಟ್ಟುಕೊಳ್ಳಿ.

ಪ್ರತಿನಿಧಿ ಆದರೆ ಅವರ ಒಡೆಯ ಆದ ಹಾಗಲ್ಲ. ಅವರಿಗೆ ಏನು ಇಷ್ಟ ಅನ್ನುವುದನ್ನು ಮುಂದಿಟ್ಟು ಮಾತಾಡಬೇಕಾದವರು ನೀವು. ವಾರ್ಡಿನಲ್ಲಿ ಸರಪಳಿ ಹಾಕುವುದು ಪೂರ್ತಿ ನಿಷಿದ್ಧ. ಅರಿವಳಿಕೆ ಇಲ್ಲದೆ ಕರೆಂಟ್ ಚಿಕಿತ್ಸೆ ನಿಷಿದ್ಧ. ಚಿಕಿತ್ಸೆಯಲ್ಲಿರುವವರ ಫೋಟೋ, ವಿವರಗಳನ್ನು ಅವರ ಒಪ್ಪಿಗೆ ಇಲ್ಲದೆ ಮಾಧ್ಯಮಕ್ಕೆ ಕೊಡುವಂತಿಲ್ಲ.

ಹಂತ 6: ವಾರ್ಡಿನ ದಿನಗಳು

ಸೇರಿಸಿ ಬಂದು ಕೈ ತೊಳೆದುಕೊಂಡರೆ ಕೆಲಸ ಕೆಡುತ್ತದೆ. ವಾರಕ್ಕೆ ಎರಡು ಸಲವಾದರೂ ಹೋಗಿ. ಬಾಳೆಹಣ್ಣು, ಒಂದು ಜೊತೆ ಬಟ್ಟೆ, ಚಪ್ಪಲಿ, ಎಣ್ಣೆ, ಬಾಚಣಿಗೆ. ಭೇಟಿಗೆ ಬರುವವರಿರುವ ರೋಗಿಯನ್ನು ವಾರ್ಡಿನವರು ನೋಡುವ ರೀತಿಯೇ ಬೇರೆ, ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಮಾತ್ರೆ ಶುರುವಾದ ಮೊದಲ ದಿನಗಳಲ್ಲಿ ನಿದ್ದೆ ಜಾಸ್ತಿ. ಕುತ್ತಿಗೆ ಒಂದು ಕಡೆ ತಿರುಗಿ ಬಿಗಿಯುವುದು, ಕೈ ನಡುಗುವುದು, ಜೊಲ್ಲು ಸುರಿಯುವುದು, ಕೂತಲ್ಲಿ ಕೂರಲಾಗದ ಚಡಪಡಿಕೆ ಕಂಡರೆ ನರ್ಸ್‌ಗೆ ಹೇಳಿ. ಔಷಧಿಯ ಅಡ್ಡಪರಿಣಾಮ ಅದು, ಸರಿಪಡಿಸಲು ಔಷಧಿ ಇದೆ. ಎರಡು ಮೂರು ವಾರದಲ್ಲಿ ಎಷ್ಟೋ ಜನರ ಮಾತು ತಿಳಿಯಾಗುತ್ತದೆ. ನಮಗೆ ಸಿಕ್ಕಿದ್ದ ಒಬ್ಬ ಯಜಮಾನರು ಹದಿನೈದು ದಿನ ಒಂದು ಮಾತೂ ಆಡಿರಲಿಲ್ಲ. ಹದಿನಾರನೇ ದಿನ ಬೆಳಗ್ಗೆ ಪಕ್ಕದ ಮಂಚದವರ ಊಟ ನೋಡಿ ‘ಖಾರ ಇಲ್ಲೇನ್ರೀ’ ಅಂದರು. ಅಷ್ಟು ಸಾಕಾಯಿತು, ಹುಡುಕಬೇಕಾದ ದಿಕ್ಕು ಗೊತ್ತಾಯಿತು.

ಹಂತ 7: ಊರು ಹುಡುಕುವುದು

‘ನಿಮ್ಮ ಊರು ಯಾವುದು, ವಿಳಾಸ ಏನು’ ಅಂತ ಪೊಲೀಸರ ಹಾಗೆ ಕೇಳಿದರೆ ಉತ್ತರ ಬರುವುದಿಲ್ಲ. ಸುತ್ತುಬಳಸಿ ಬನ್ನಿ. ಮನೆಯಲ್ಲಿ ಮುದ್ದೆಯಾ, ರೊಟ್ಟಿಯಾ, ಕುಚ್ಚಲಕ್ಕಿ ಅನ್ನವಾ? ಊರಲ್ಲಿ ಯಾವ ದೇವರ ಜಾತ್ರೆ, ತೇರು ಯಾವ ತಿಂಗಳು? ಹೊಲದಲ್ಲಿ ಜೋಳವಾ, ರಾಗಿಯಾ, ಅಡಿಕೆಯಾ? ಸಂತೆಗೆ ಎಲ್ಲಿಗೆ ಹೋಗುತ್ತಿದ್ದಿರಿ, ಬಸ್ಸಿನ ಬೋರ್ಡಿನಲ್ಲಿ ಏನಂತ ಇರುತ್ತಿತ್ತು? ಸಂತೆಯ ಹೆಸರು ನೆನಪಿದ್ದರೆ ಹೋಬಳಿ ಸಿಕ್ಕ ಹಾಗೆ. ಓದಿದವರಿಗೆ ಪೆನ್ನು ಕೊಡಿ, ಬಾಯಲ್ಲಿ ಬರದ ಹೆಸರು ಕೈಯಲ್ಲಿ ಬರುತ್ತದೆ. ರೈಲು ಹತ್ತಿ ರಾಜ್ಯ ದಾಟಿ ಬಂದವರು ಬಹಳ. ಭಾಷೆ ಹಿಂದಿಯಾ, ಒಡಿಯಾನಾ, ಬಂಗಾಳಿಯಾ ಅಂತ ಗೊತ್ತಾಗದಿದ್ದರೆ ಹೋಟೆಲಿನಲ್ಲಿ, ಕಟ್ಟಡದ ಕೆಲಸದಲ್ಲಿ ಇರುವ ಹೊರರಾಜ್ಯದ ಹುಡುಗರನ್ನು ಕರೆದುಕೊಂಡು ಹೋಗಿ. ಅವರು ಎರಡು ಮಾತಿನಲ್ಲಿ ಜಿಲ್ಲೆಯನ್ನೇ ಹೇಳಿಬಿಡುತ್ತಾರೆ.

ಊರಿನ ಹೆಸರು ಸಿಕ್ಕರೆ ಆ ವ್ಯಾಪ್ತಿಯ ಠಾಣೆಗೆ, ಗ್ರಾಮ ಪಂಚಾಯಿತಿಗೆ ಫೋನ್ ಮಾಡಿ, ಆಶಾ ಕಾರ್ಯಕರ್ತೆಯನ್ನು ಸಂಪರ್ಕಿಸಿ. ಏನೂ ಸಿಗದಿದ್ದರೆ ಆಧಾರ್ ದಾರಿ ಇದೆ. ಆಸ್ಪತ್ರೆಯ ಅಥವಾ ಪೊಲೀಸರ ಪತ್ರದೊಂದಿಗೆ ಹೊಸ ಆಧಾರ್‌ಗೆ ಬೆರಳಚ್ಚು, ಕಣ್ಣಿನ ಪಾಪೆ ಕೊಡಿಸಿದಾಗ, ಮೊದಲೇ ಆಧಾರ್ ಇದ್ದರೆ ಹೊಸದು ತಿರಸ್ಕಾರ ಆಗುತ್ತದೆ. ಅಲ್ಲಿಂದ ಆಧಾರ್ ಪ್ರಾಧಿಕಾರದ ಪ್ರಾದೇಶಿಕ ಕಚೇರಿಯ ಮೂಲಕ ಹಳೆಯ ವಿವರ ತಿಳಿಯಲು ಕೋರಬಹುದು. ಎಷ್ಟೋ ಜನ ಈ ದಾರಿಯಲ್ಲಿ ಮನೆ ಸೇರಿದ್ದಾರೆ.

ದೂರದ ರಾಜ್ಯದವರಾದರೆ ಇದೇ ಕೆಲಸಕ್ಕೆ ನಿಂತ ಸಂಸ್ಥೆಗಳನ್ನು ಕೇಳಿ. ಮಹಾರಾಷ್ಟ್ರದ ಕರ್ಜತ್‌ನಲ್ಲಿ ಶ್ರದ್ಧಾ ಪುನರ್ವಸತಿ ಕೇಂದ್ರ ಇದೆ. ಬೀದಿಯವರನ್ನು ಗುಣಪಡಿಸಿ ಮನೆ ಮುಟ್ಟಿಸುವ ಈ ಕೆಲಸಕ್ಕಾಗಿ ಡಾ. ಭರತ್ ವಾಟ್ವಾನಿ ಅವರಿಗೆ 2018ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಚೆನ್ನೈನಲ್ಲಿ 1993ರಲ್ಲಿ ಶುರುವಾದ ದಿ ಬನ್ಯನ್ ಇದೆ.

ಮನೆಯವರು ಸಿಕ್ಕ ಕೂಡಲೇ ಕೈಗೆ ಒಪ್ಪಿಸಿಬಿಡಬೇಡಿ. ಯಾಕೆ ಮನೆ ಬಿಟ್ಟರು ಅಂತ ರೋಗಿಯನ್ನೇ ಒಂಟಿಯಾಗಿ ಕೇಳಿ. ಹೊಡೆತ ಇತ್ತಾ, ಆಸ್ತಿ ಜಗಳ ಇತ್ತಾ? ಹೋಗಲು ಇಷ್ಟ ಇದೆಯಾ? ಕೆಲವು ಮನೆಯವರು ಅಳುತ್ತಾ ಓಡಿ ಬರುತ್ತಾರೆ. ಕೆಲವರು ‘ತಿಥಿ ಮಾಡಿ ಮುಗಿಸಿದ್ದೀವಿ’ ಅಂತ ಫೋನ್ ಇಟ್ಟುಬಿಡುತ್ತಾರೆ. ಅವರನ್ನು ಬೈಯಬೇಡಿ. ನಾಲ್ಕು ದಿನ ಬಿಟ್ಟು ಮತ್ತೆ ಮಾಡಿ, ಈ ಸಲ ರೋಗಿಯ ಕೈಗೆ ಫೋನ್ ಕೊಡಿ. ಹೆಸರು ಹಿಡಿದು ಕರೆದ ದನಿ ಕೇಳಿ ಮನಸ್ಸು ಕರಗಿದ್ದನ್ನು ನೋಡಿದ್ದೇವೆ. ಕರಗದ್ದನ್ನೂ ನೋಡಿದ್ದೇವೆ.

ಹಂತ 8: ಡಿಸ್ಚಾರ್ಜ್

ಮನೆ ಇಲ್ಲ, ಕುಟುಂಬ ಒಪ್ಪುತ್ತಿಲ್ಲ ಅನ್ನುವ ಒಂದೇ ಕಾರಣಕ್ಕೆ ಆಸ್ಪತ್ರೆಯಲ್ಲೇ ಉಳಿಸುವಂತಿಲ್ಲ, ಸೆಕ್ಷನ್ 19. ಹಾಗಂತ ಗೇಟಿನ ಹೊರಗೆ ಬಿಡುವುದೂ ಅಲ್ಲ. ಬಿಡುಗಡೆಗೆ ಮೊದಲೇ ಮುಂದಿನ ಯೋಜನೆ ಮಾಡಬೇಕು ಅಂತಲೂ ಕಾಯ್ದೆಯಲ್ಲಿದೆ. ಆಸ್ಪತ್ರೆಯ ಸೋಷಿಯಲ್ ವರ್ಕರ್ ಜೊತೆ ಮೊದಲ ವಾರವೇ ಈ ಮಾತು ಶುರು ಮಾಡಿ, ಕೊನೆಯ ದಿನಕ್ಕೆ ಇಡಬೇಡಿ.

ಮನೆಗೆ ಹೋಗುವವರಾದರೆ ಕೈಯಲ್ಲಿ ಏನಿರಬೇಕು? ಕನಿಷ್ಠ ಒಂದು ತಿಂಗಳ ಮಾತ್ರೆ. ಔಷಧಿಯ ಮೂಲ ಹೆಸರು ಬರೆದ ಡಿಸ್ಚಾರ್ಜ್ ಸಮ್ಮರಿ, ಹೊರರಾಜ್ಯದವರಾದರೆ ಇಂಗ್ಲಿಷಿನಲ್ಲಿ. ದಿನಾ ಮಾತ್ರೆ ನುಂಗಿಸುವವರಿಲ್ಲದಿದ್ದರೆ ಎರಡು ವಾರಕ್ಕೋ ತಿಂಗಳಿಗೋ ಒಮ್ಮೆ ಕೊಡುವ ಇಂಜೆಕ್ಷನ್ ಆಗುತ್ತದಾ ಅಂತ ಡಾಕ್ಟರನ್ನು ಕೇಳಿ, ಆದರೆ ಮುಂದಿನ ಇಂಜೆಕ್ಷನ್ ತಾರೀಕು ದೊಡ್ಡದಾಗಿ ಬರೆಸಿ. ಮುಂದೆ ಔಷಧಿ ಎಲ್ಲಿ ಸಿಗುತ್ತದೆ ಅಂತ ಹೊರಡುವ ಮೊದಲೇ ಗೊತ್ತುಮಾಡಿ. ಕರ್ನಾಟಕದಲ್ಲಾದರೆ ಎಲ್ಲ ಜಿಲ್ಲೆಗಳಲ್ಲೂ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ಇದೆ. ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರದ ದಿನ ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ. ಮನೆಯವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಗೋಡೆ ಮೇಲೆ ಬರೆದುಕೊಳ್ಳಲು ಹೇಳಿ. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ.

ಮನೆಯವರಿಗೆ ಮುಖ್ಯವಾಗಿ ಒಂದು ಮಾತು ತಿಳಿಸಬೇಕು. ‘ಈಗ ಹುಷಾರಾಗಿದ್ದಾನಲ್ಲ, ಇನ್ನೇಕೆ ಮಾತ್ರೆ’ ಅಂತ ನಿಲ್ಲಿಸುವುದರಿಂದಲೇ ಮತ್ತೆ ಬೀದಿಗೆ ಬರುವವರು ಜಾಸ್ತಿ. ಮಾತ್ರೆ ಕೆಲಸ ಮಾಡುತ್ತಿರುವುದರಿಂದಲೇ ಹುಷಾರಾಗಿರುವುದು. ನಿಲ್ಲಿಸುವುದು ಡಾಕ್ಟರ್ ಹೇಳಿದಾಗ ಮಾತ್ರ.

ಮನೆಯೇ ಇಲ್ಲದವರಿಗೆ ಪುನರ್ವಸತಿ ಕೇಂದ್ರ ನೋಡಬೇಕಾಗುತ್ತದೆ. ಕರಾವಳಿಯವರಿಗೆ ಮಂಗಳೂರಿನ ವೈಟ್ ಡವ್ಸ್ ಗೊತ್ತಿರಬಹುದು. ಯಾವ ಕೇಂದ್ರವಾದರೂ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ನೋಂದಣಿ ಇದೆಯಾ ಅಂತ ಕೇಳಿ. ನೀವೇ ಹೋಗಿ, ಶೌಚಾಲಯ ನೋಡಿ, ಅಡುಗೆಮನೆ ನೋಡಿ, ರಾತ್ರಿ ಬೀಗ ಹಾಕುತ್ತಾರಾ ಕೇಳಿ, ಅಲ್ಲಿರುವ ಒಬ್ಬರ ಜೊತೆ ಒಂಟಿಯಾಗಿ ಮಾತಾಡಿ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಇಂಥದೊಂದು ಮನೆಗೆ ಬೆಂಕಿ ಬಿದ್ದಾಗ ಸರಪಳಿಯಲ್ಲಿ ಕಟ್ಟಿದ್ದವರು ಓಡಲಾಗದೆ ಸತ್ತರು, 28 ಜನ. ಅಲ್ಲಿಗೆ ಸೇರಿಸಿದವರಲ್ಲಿ ಹೆಚ್ಚಿನವರು ಗುಣವಾಗಲಿ ಅಂತಲೇ ಸೇರಿಸಿದ್ದರು.

ನನಗೆ ಹೆಚ್ಚು ಸರಿ ಅನ್ನಿಸುವುದು ಬನ್ಯನ್ ಸಂಸ್ಥೆಯವರ ‘ಹೋಮ್ ಅಗೇನ್’ ರೀತಿ. ಊರ ನಡುವೆ ಮಾಮೂಲಿ ಬಾಡಿಗೆ ಮನೆ, ನಾಲ್ಕೈದು ಜನ ಒಟ್ಟಿಗೆ, ನೋಡಿಕೊಳ್ಳಲು ನೆರವಿನವರು ಇರುತ್ತಾರೆ. ತಮ್ಮ ಅಡುಗೆ ತಾವೇ, ತರಕಾರಿಗೆ ತಾವೇ ಹೋಗುವುದು. ನಮ್ಮಲ್ಲೂ ಇದು ಜಿಲ್ಲೆ ಜಿಲ್ಲೆಗೂ ಬರಬೇಕು ಅಂತ ನಾನು ಸಿಕ್ಕ ಅಧಿಕಾರಿಗಳಿಗೆಲ್ಲ ಹೇಳುತ್ತಲೇ ಇದ್ದೇನೆ.

ಹಂತ 9: ಆಮೇಲೆ

ಒಂದು ರಟ್ಟಿನ ಫೈಲ್ ಮಾಡಿ. ಅದರಲ್ಲಿ ಠಾಣೆಯ ಸ್ವೀಕೃತಿ, ಎಫ್‌ಐಆರ್ ಪ್ರತಿ, ಆಸ್ಪತ್ರೆ ನಂಬರ್, ಡಿಸ್ಚಾರ್ಜ್ ಸಮ್ಮರಿ, ಮನೆಯವರ ಫೋನ್. ಮೂರನೇ ದಿನ, ಹದಿನೈದನೇ ದಿನ, ಮೂವತ್ತನೇ ದಿನ ಫೋನ್ ಮಾಡಿ. ಮನೆಯವರ ಜೊತೆ ಮಾತಾಡಿ ಇಟ್ಟುಬಿಡಬೇಡಿ, ಗುಣವಾಗಿ ಹೋದವರ ಕೈಗೇ ಫೋನ್ ಕೊಡಿಸಿ. ನಿದ್ದೆ ಬರ್ತಿದೆಯಾ, ಮಾತ್ರೆ ಎಷ್ಟು ಉಳಿದಿದೆ, ಮುಂದಿನ ಮಂಗಳವಾರ ಯಾರು ಕರೆದುಕೊಂಡು ಹೋಗ್ತಾರೆ, ಈ ಮೂರು ಕೇಳಿ. ಅಂಗವಿಕಲರ ಗುರುತಿನ ಚೀಟಿ, ಮಾಸಾಶನಕ್ಕೆ ಅರ್ಜಿ ಹಾಕಿಸಲು ನೆನಪಿಸಿ. ತಿಂಗಳಿಗೆ ಸ್ವಲ್ಪ ದುಡ್ಡು ಅವರ ಹೆಸರಿಗೆ ಬಂದರೆ ಮನೆಯಲ್ಲಿ ಅವರ ಜಾಗ ಗಟ್ಟಿಯಾಗುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ ಒಂದು ದಿನ ಅದೇ ಬಸ್ ಸ್ಟ್ಯಾಂಡಿನಲ್ಲಿ ಅವರೇ ಕಾಣಬಹುದು. ನಮಗೆ ಹಾಗಾಗಿದೆ. ಒಬ್ಬ ಅಕ್ಕ ಎಂಟು ತಿಂಗಳ ಮೇಲೆ ವಾಪಸ್ ಬಂದಿದ್ದರು. ಮಾಡಿದ್ದೆಲ್ಲ ನೀರುಪಾಲಾಯಿತು ಅಂತ ಎರಡು ದಿನ ನನಗೆ ಊಟ ಸೇರಲಿಲ್ಲ. ಆದರೆ ಮೊದಲ ಸಲ ಆಸ್ಪತ್ರೆ ಮುಟ್ಟಲು ಹನ್ನೊಂದು ದಿನ ಹಿಡಿದಿತ್ತು, ಎರಡನೇ ಸಲ ಒಂದೇ ಮಧ್ಯಾಹ್ನ. ಅವರು ನನ್ನನ್ನು ಗುರುತಿಸಿದರು, ಗಂಟು ಎತ್ತಿಕೊಂಡು ತಾವೇ ಆಟೋ ಹತ್ತಿದರು. ನಿಮಗೂ ಹಾಗಾದರೆ ಹಳೆಯ ಫೈಲ್ ತೆಗೆದುಕೊಂಡು ಅದೇ ಆಸ್ಪತ್ರೆಗೆ ಹೋಗಿ, ಹಳೆಯ ನಂಬರಿನಲ್ಲೇ ಚೀಟಿ ಮಾಡಿಸಿ. ಯಾವ ಮಾತ್ರೆ, ಎಷ್ಟು ಪ್ರಮಾಣದಲ್ಲಿ ಕೆಲಸ ಮಾಡಿತ್ತು ಅನ್ನುವುದು ಅವರ ಕೇಸ್ ಶೀಟಿನಲ್ಲೇ ಇರುತ್ತದೆ.